ಕೈಗುಣವೆಂಬ ಕಾಟ

ಶಾಲಿನ ಪ್ಲಾಸ್ಟಿಕ್ ಕವರು ಬಿಚ್ಚಿದ ಕೂಡಲೇ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಮೊನ್ನೆ ಚನ್ನಗಿರಿಯಲ್ಲಿ ಸುತ್ತಮುತ್ತಲ ವೈದ್ಯರನ್ನೆಲ್ಲ ಸೇರಿಸಿ ಒಂದು ಕಾರ್ಯಕ್ರಮ ಮಾಡಿದ್ದರು. ವೈದ್ಯವೃತ್ತಿಯಲ್ಲಿ ಅರ್ಥ, ಸಮತೋಲನ, ನೆಮ್ಮದಿ ಕಂಡುಕೊಳ್ಳುವುದು ಹೇಗೆ ಎಂಬುದು ವಿಷಯ. ದೂರದ ನಗರದಿಂದ ಬಂದಿದ್ದ ಭಾಷಣಕಾರರು ನಮ್ಮಿಂದ ಕಣ್ಣು ಮುಚ್ಚಿಸಿದರು, ಉಸಿರು ಎಳೆಸಿದರು, ಬಿಡಿಸಿದರು. ರೋಗಿಯ ಮುಖದಲ್ಲಿ ಮೂಡುವ ನಗುವೇ ನಿಮಗೆ ಔಷಧ ಎಂದರು. ನನ್ನ ಪಕ್ಕದಲ್ಲಿದ್ದ ಹುಡುಗಿ ಹಿಂದಿನ ದಿನದಿಂದ ಹೆರಿಗೆ ವಾರ್ಡಿನಲ್ಲಿ ನಿಂತು ನೇರ ಅಲ್ಲಿಗೆ ಬಂದವಳು. ಕಣ್ಣು ಮುಚ್ಚಿ ಎಂದದ್ದೇ ತಡ, ನಿದ್ದೆ ಹೋದಳು. ಆ ಕಾರ್ಯಕ್ರಮದಿಂದ ನಿಜವಾಗಿ ಉಪಯೋಗವಾದದ್ದು ಅವಳೊಬ್ಬಳಿಗೆ. ಕೊನೆಯಲ್ಲಿ ಎಲ್ಲರಿಗೂ ಶಾಲು ಹೊದಿಸಿ, ಸಾಲಾಗಿ ನಿಲ್ಲಿಸಿ ಫೋಟೊ ತೆಗೆದು ಕಳಿಸಿದರು.

ಮನೆಗೆ ತಂದು ಬಿಚ್ಚಿದರೆ ಈ ವಾಸನೆ. ನಮ್ಮ ದೊಡ್ಡ ಡಾಕ್ಟರ ಮನೆಯ ಬೀರು ತೆಗೆದರೆ ಬರುತ್ತಿದ್ದ ವಾಸನೆಯೂ ಇದೇ. ಅವರಿಗೆ ಬಂದಷ್ಟು ಶಾಲು ಆ ಸೀಮೆಯಲ್ಲಿ ಇನ್ನಾರಿಗೂ ಬಂದಿರಲಿಕ್ಕಿಲ್ಲ. ಅವರ ಹೆಂಡತಿ ಒಂದನ್ನು ಮಿಕ್ಸಿಗೆ ಹೊದಿಸಿದ್ದರು, ಒಂದನ್ನು ಫ್ರಿಡ್ಜಿಗೆ, ಇನ್ನೊಂದನ್ನು ಸ್ಕೂಟರಿನ ಸೀಟಿಗೆ. ಉಳಿದವನ್ನು ಬೀರುವಿನಲ್ಲಿ ಒತ್ತಿ ತುಂಬಿ, ಮಧ್ಯೆ ಮಧ್ಯೆ ನುಸಿಗುಳಿಗೆ ಹಾಕಿದ್ದರು. ಇನ್ನೊಂದು ಶಾಲು ಬಂದರೆ ನಾನು ಹೊರಗೆ ಹೋಗಬೇಕಾಗುತ್ತದೆ ಎಂದು ನಗುತ್ತಿದ್ದರು. ಆಗ ನಾನೂ ನಗುತ್ತಿದ್ದೆ...

ದೊಡ್ಡ ಡಾಕ್ಟರಿದ್ದದ್ದು ಜಗಳೂರು ಸೀಮೆಯ ಒಂದು ಊರಿನಲ್ಲಿ. ಬಿಳಿಚೋಡಿನ ಕಡೆಯ ಜನವೂ ಅಲ್ಲಿಗೆ ಬರುತ್ತಿದ್ದರು ಎಂದಷ್ಟೇ ಹೇಳುತ್ತೇನೆ, ಹೆಸರು ಬೇಡ. ಹೆಸರು ಹೇಳಿದರೆ ಆ ಊರಿನವರು ಜಗಳಕ್ಕೆ ಬರುತ್ತಾರೆ, ನಾವು ಅವರಿಗೆ ಏನು ಕಡಿಮೆ ಮಾಡಿದೆವು ಎಂದು ಕೇಳುತ್ತಾರೆ. ಕಡಿಮೆ ಏನೂ ಮಾಡಲಿಲ್ಲ. ನನ್ನ ಸಿಟ್ಟು ಅದರ ಮೇಲೆಯೇ.

ನಾನು ಆಗಷ್ಟೇ ಓದು ಮುಗಿಸಿ ಗುತ್ತಿಗೆ ಕೆಲಸಕ್ಕೆ ಸೇರಿದ್ದೆ. ನನ್ನ ತವರು ನ್ಯಾಮತಿ. ಅಲ್ಲಿನ ಹಸಿರು ನೋಡಿ ಬೆಳೆದ ಕಣ್ಣಿಗೆ ಜಗಳೂರಿನ ಬಯಲು ಮೊದಲ ವಾರ ಅಳು ತರಿಸಿತ್ತು. ಆಸ್ಪತ್ರೆಯಲ್ಲಿ ಇರಬೇಕಾದ ವೈದ್ಯರಲ್ಲಿ ಇದ್ದವರು ನಾವಿಬ್ಬರೇ. ಅವರು ದೊಡ್ಡ ಡಾಕ್ಟರು, ನಾನು ಸಣ್ಣ ಡಾಕ್ಟ್ರಮ್ಮ. ಉಳಿದ ಹುದ್ದೆಗಳು ಖಾಲಿ. ಆ ಖಾಲಿ ಕೋಣೆಗಳಲ್ಲಿ ಮುರಿದ ಮಂಚಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು.

ದೊಡ್ಡ ಡಾಕ್ಟರಿಗೆ ಒಂದು ಅಭ್ಯಾಸವಿತ್ತು. ರೋಗಿಯ ಮೈ ಮುಟ್ಟುವ ಮೊದಲು ಎರಡೂ ಅಂಗೈ ಉಜ್ಜಿಕೊಳ್ಳುತ್ತಿದ್ದರು. ತಣ್ಣನೆ ಕೈ ಇಟ್ಟರೆ ಹೊಟ್ಟೆ ಬಿಗಿಯುತ್ತದೆ, ಬಿಗಿದ ಹೊಟ್ಟೆಯೊಳಗೆ ಏನಿದೆಯೆಂದು ತಿಳಿಯುವುದಿಲ್ಲ, ಅದಕ್ಕೆ ಎಂದು ಮೊದಲ ದಿನವೇ ನನಗೆ ಹೇಳಿಕೊಟ್ಟರು. ಓದಿದ ಯಾವ ವೈದ್ಯನಿಗಾದರೂ ಗೊತ್ತಿರುವ ವಿಷಯ. ಆದರೆ ಬೆಂಚಿನ ಮೇಲೆ ಕೂತು ನೋಡುತ್ತಿದ್ದವರಿಗೆ ಅದು ಬೇರೆಯಾಗಿಯೇ ಕಂಡಿತು. ಡಾಕ್ಟರು ಕೈ ಉಜ್ಜಿ ಮುಟ್ಟುತ್ತಾರೆ, ಮುಟ್ಟಿದರೆ ಗುಣವಾಗುತ್ತದೆ. ಅವರದು ಕೈಗುಣ ಎಂದು ಒಬ್ಬರು ಹೇಳಿದರು, ಹತ್ತು ಜನ ಕೇಳಿಸಿಕೊಂಡರು.

ಅವರು ನಿಜಕ್ಕೂ ಒಳ್ಳೆಯ ವೈದ್ಯರು. ಅದು ಕೈಯಲ್ಲಿರಲಿಲ್ಲ, ಕಿವಿಯಲ್ಲಿತ್ತು, ಕಣ್ಣಿನಲ್ಲಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಅವಸರವಿಲ್ಲದ ಆ ಕೂರುವಿಕೆಯಲ್ಲಿತ್ತು. ಒಮ್ಮೆ ಒಬ್ಬ ಅಜ್ಜಿ ಸೊಸೆಯ ಜೊತೆ ಕೆಮ್ಮುತ್ತ ಬಂದಳು. ಊರೂರಿನ ಸಿರಪ್ಪುಗಳನ್ನೆಲ್ಲ ಕುಡಿದು ಮುಗಿಸಿದ್ದಳು. ಇವರು ಅವಳ ಬೆನ್ನ ಮೇಲೆ ಒಂದು ಬೆರಳಿಟ್ಟು, ಇನ್ನೊಂದು ಬೆರಳಿನಿಂದ ತಟ್ಟುತ್ತ ಮೇಲಿನಿಂದ ಕೆಳಕ್ಕೆ ಬಂದರು. ಒಂದು ಕಡೆ ಸದ್ದು ಬದಲಾಯಿತು. ಡಾಕ್ಟರ ಮುಖ ಅರಳಿತು. ನನ್ನನ್ನು ಕೂಗಿ ಕರೆದು, ತುಂಬಿದ ಕೊಡ ತಟ್ಟಿದ ಹಾಗೆ ಕೇಳುತ್ತದೆ ನೋಡಿ, ಇಲ್ಲಿಂದ ಕೆಳಗೆ ನೀರು ಎಂದರು. ಅಷ್ಟಕ್ಕೇ ಬಿಡಲಿಲ್ಲ. ಅಜ್ಜಿಯ ಕೈಯಿಂದ ಅವಳ ಸೊಸೆಯ ಬೆನ್ನು ತಟ್ಟಿಸಿ, ಸೊಸೆಯ ಕೈಯಿಂದ ಅಜ್ಜಿಯ ಬೆನ್ನು ತಟ್ಟಿಸಿ, ಇಬ್ಬರಿಗೂ ವ್ಯತ್ಯಾಸ ಕೇಳಿಸಿದರು. ಅತ್ತೆ ಸೊಸೆ ಪರಸ್ಪರ ಬೆನ್ನು ತಟ್ಟಿಕೊಂಡು ನಕ್ಕಿದ್ದು ಅದೇ ಮೊದಲಂತೆ. ಆ ದಿನ ಅವರು ಊಟಕ್ಕೆ ಹೋಗುವಾಗ ಸೀಟಿ ಹಾಕುತ್ತಿದ್ದರು.

ವೃತ್ತಿಯಲ್ಲಿ ಅರ್ಥ ಎಂದರೆ ಏನು ಎಂದು ಮೊನ್ನೆ ಭಾಷಣಕಾರರು ಕೇಳಿದಾಗ ನನಗೆ ನೆನಪಾದದ್ದು ಆ ಸೀಟಿ. ಯಾರೂ ಅವರಿಗೆ ಉಸಿರಾಡುವುದನ್ನು ಕಲಿಸಿರಲಿಲ್ಲ. ಒಂದು ಬೆನ್ನಿಗೆ ಬೇಕಾದಷ್ಟು ಹೊತ್ತು ಅವರ ಬಳಿ ಇತ್ತು, ಅಷ್ಟೇ.

ಆ ಹೊತ್ತು ನಮ್ಮ ಕಣ್ಣೆದುರೇ ಕರಗಿತು. ಕೈಗುಣದ ಸುದ್ದಿ ಹಬ್ಬಿದ ಮೇಲೆ ಜಗಳೂರಿನಿಂದ ಬರುವ ಮೊದಲ ಬಸ್ಸಿಗೇ ಜನ ಇಳಿಯತೊಡಗಿದರು. ತಮ್ಮೂರಿನಲ್ಲೇ ವೈದ್ಯರಿದ್ದರೂ ದಾಟಿಕೊಂಡು ಬರುತ್ತಿದ್ದರು. ನನ್ನ ಕೋಣೆಯ ಮುಂದೆ ನಾಯಿಯೂ ಸುಳಿಯುತ್ತಿರಲಿಲ್ಲ. ನಾನೇ ಎದ್ದು ಹೋಗಿ, ಬನ್ನಿ ನಾನು ನೋಡುತ್ತೇನೆ ಎಂದು ಕರೆದರೆ, ನೀವೂ ಚೆನ್ನಾಗಿ ನೋಡ್ತೀರಿ ಬಿಡಿ ಡಾಕ್ಟ್ರಮ್ಮ ಎಂದು ನನಗೇ ಸಮಾಧಾನ ಹೇಳಿ ಅಲ್ಲೇ ಕೂರುತ್ತಿದ್ದರು. ನಾನು ಇಂಜೆಕ್ಷನ್ ಕೊಡಬೇಕಾದರೆ ಸಿರಿಂಜನ್ನು ದೊಡ್ಡ ಡಾಕ್ಟರು ಒಮ್ಮೆ ಮುಟ್ಟಬೇಕು. ಮಾತ್ರೆಯ ಪೊಟ್ಟಣ ಮುಟ್ಟಬೇಕು. ಒಬ್ಬಾತ ಹೊಸ ಬೈಕಿನ ಕೀಲಿಯನ್ನೇ ಹಿಡಿದುಕೊಂಡು ಬಂದಿದ್ದ.

ಮೊದಮೊದಲು ಅವರು ಬೈಯುತ್ತಿದ್ದರು. ಕೈ ತೋರಿಸಿ, ಇದು ನಿಮ್ಮ ಕೈಯಂಥದ್ದೇ, ಇದರಲ್ಲಿ ಏನೂ ಇಲ್ಲ, ಸೋಪು ಹಾಕಿ ತೊಳೆದಿದ್ದೇನೆ ಅಷ್ಟೇ ಎನ್ನುತ್ತಿದ್ದರು. ಬೈದಷ್ಟೂ ಜನಕ್ಕೆ ನಂಬಿಕೆ ಬಲಿಯುತ್ತಿತ್ತು. ಆಮೇಲೆ ಬೈಯಲೂ ಪುರಸೊತ್ತಿಲ್ಲದ ದಿನಗಳು ಬಂದವು. ಹೊರಗೆ ಸಾಲು ಬೇಲಿ ದಾಟಿ ರಸ್ತೆಗೆ ಹೋಗಿರುತ್ತಿತ್ತು. ಒಂಚೂರು ಮುಟ್ರಿ ಸಾಕು, ಹೋಗ್ತೀವಿ ಎಂದು ಜನ ತಾವೇ ಅವರಿಗೆ ದಾರಿ ಸುಲಭ ಮಾಡಿಕೊಡುತ್ತಿದ್ದರು. ಎಷ್ಟು ಹೊತ್ತು ಒಬ್ಬ ಮನುಷ್ಯ ಬೇಡ ಎಂದಾನು? ಮುಟ್ಟಿದರು.

ನನಗೆ ಈ ಕೈಗುಣ ಎಂಬ ಮಾತು ಕೇಳಿದರೆ ಇಂದಿಗೂ ಮೈ ಉರಿಯುತ್ತದೆ. ಹೊಗಳಿಕೆಯೆಂದು ತಿಳಿದು ಹೇಳುತ್ತಾರೆ, ಪಾಪ. ಆದರೆ ಆ ಮಾತಿನಲ್ಲಿ ಅವರು ಓದಿದ್ದಕ್ಕೆ ಜಾಗವಿಲ್ಲ, ತಪ್ಪಿ ತಿದ್ದಿಕೊಂಡಿದ್ದಕ್ಕೆ ಜಾಗವಿಲ್ಲ, ದಣಿವಿಗಂತೂ ಇಲ್ಲವೇ ಇಲ್ಲ. ಗುಣ ಕೈಯಲ್ಲೇ ಇದ್ದರೆ ಅದಕ್ಕೆ ನಿದ್ದೆ ಯಾಕೆ, ಊಟ ಯಾಕೆ? ಮೇಲಿನವರಿಗೂ ಈ ಮಾತು ಬಹಳ ಅನುಕೂಲವಾಗಿತ್ತು. ಖಾಲಿ ಹುದ್ದೆ ತುಂಬಿಸಿ ಎಂದು ಇವರು ಕೇಳಿದಾಗಲೆಲ್ಲ, ನೀವೊಬ್ಬರೇ ನಾಲ್ಕು ಜನಕ್ಕೆ ಸಮ ಸಾರ್ ಎಂದು ನಗುತ್ತ ಕಳಿಸುತ್ತಿದ್ದರು. ವರ್ಷಕ್ಕೊಮ್ಮೆ ವೇದಿಕೆಗೆ ಕರೆದು ಶಾಲು ಹೊದಿಸುತ್ತಿದ್ದರು. ಹುದ್ದೆ ಕೊಡುವುದಕ್ಕಿಂತ ಶಾಲು ಅಗ್ಗ.

ಹೀಗಿರುವಾಗ ಬಿಳಿಚೋಡಿನ ಕಡೆಯಿಂದ ಒಬ್ಬ ಕುರಿಗಾಹಿ ಹೊಟ್ಟೆನೋವೆಂದು ಬಂದ. ಅವತ್ತು ಸಂತೆಯ ದಿನ, ಕಾಲಿಡಲು ಜಾಗವಿಲ್ಲ. ಅವನು ಮೇಜಿನ ಪಕ್ಕದಲ್ಲಿ ನಿಂತೇ ಅಂಗಿ ಎತ್ತಿದ. ದೊಡ್ಡ ಡಾಕ್ಟರು ಹೊಟ್ಟೆ ಮುಟ್ಟಿದರು, ಮಾತ್ರೆ ಬರೆದರು, ಮುಂದಿನವರತ್ತ ತಿರುಗಿದರು. ಅವನಿಗೆ ಆಗಿದ್ದದ್ದು ಅಪೆಂಡಿಕ್ಸ್. ಅಡವಿಯಲ್ಲಿ ಕುರಿಗಳ ನಡುವೆ ಬಿದ್ದಿದ್ದವನನ್ನು ಯಾರೋ ಟೆಂಪೋದಲ್ಲಿ ದಾವಣಗೆರೆಗೆ ಒಯ್ದರಂತೆ. ಹೊಟ್ಟೆಯೊಳಗೆ ಒಡೆದು ಕೀವಾಗಿತ್ತು. ಆಪರೇಷನ್ ಆಗಿ ಬದುಕಿದ.

ಇದೆಲ್ಲ ನಮಗೆ ಗೊತ್ತಾದದ್ದು ಅವನು ಗುಣವಾಗಿ ಮತ್ತೆ ಬಂದಾಗ. ಸಿಟ್ಟು ಮಾಡಿಕೊಂಡು ಬಂದಿರಲಿಲ್ಲ. ತಮ್ಮ ಕುರಿಗಳ ಉಣ್ಣೆಯ ಒಂದು ಕರಿಯ ಕಂಬಳಿ ತಂದಿದ್ದ. ಅದನ್ನು ಡಾಕ್ಟರ ಹೆಗಲಿಗೆ ಹಾಕಿ, ಬಗ್ಗಿ ಕಾಲು ಮುಟ್ಟಿ ಹೇಳಿದ:

"ಅಲ್ಲಿನ ಡಾಕ್ಟ್ರು ಬದುಕಿದ್ದೇ ದೊಡ್ಡದು ಅಂದ್ರು. ನೀವು ಮೊದ್ಲೇ ಮುಟ್ಟಿ ಕಳ್ಸಿದ್ರಲ್ರೀ, ಅದಕ್ಕೇ ಜೀವ ಉಳೀತು."

ದೊಡ್ಡ ಡಾಕ್ಟರು ಅವನು ಅಂಗಿ ಎತ್ತಿ ತೋರಿಸಿದ ಹೊಟ್ಟೆಯ ಮೇಲಿನ ಹೊಲಿಗೆಯ ಗುರುತನ್ನೇ ನೋಡುತ್ತಿದ್ದರು. ಬೆಂಚಿನಲ್ಲಿದ್ದವರೆಲ್ಲ ತಲೆದೂಗಿದರು. ಇವರ ತಪ್ಪು ಕೂಡ ಇವರ ಮಹಿಮೆಯ ಲೆಕ್ಕಕ್ಕೆ ಸೇರಿಹೋಯಿತು. ಬೈದು ಹೋಗಿದ್ದರೆ, ಕೊರಳಪಟ್ಟಿ ಹಿಡಿದಿದ್ದರೆ ಅವರಿಗೆ ಅಷ್ಟು ನೋವಾಗುತ್ತಿರಲಿಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಅವತ್ತು ಮಧ್ಯಾಹ್ನ ಅವರು ಊಟದ ಡಬ್ಬಿ ತೆರೆಯಲಿಲ್ಲ. ನನ್ನ ಕೋಣೆಗೆ ಬಂದು, ಖಾಲಿಯಿದ್ದ ರೋಗಿಯ ಸ್ಟೂಲಿನ ಮೇಲೆ ಕೂತರು.

"ನಾನೀಗ ಬರೀ ಮುಟ್ತಾ ಇದೀನಿ ಕಣ್ರೀ. ನೋಡ್ತಾ ಇಲ್ಲ. ನೋಡೋದು ಬಿಟ್ಟು ಭಾಳ ದಿನ ಆಗೈತೆ."

ಈ ಕೆಲಸ ನನಗೆ ಇಷ್ಟ, ಆ ಇಷ್ಟ ಉಳಿಯಬೇಕೆಂದರೆ ಇಲ್ಲಿಂದ ಹೋಗಬೇಕು ಎಂದರು. ಎಲ್ಲವೂ ಸಾಕಾಗಿದೆ ಎಂದು ಅವರು ಹೇಳಲಿಲ್ಲ, ಗಮನಿಸಿ. ಓಡಿಹೋಗುವ ಮಾತೂ ಅದಲ್ಲ. ಹೊನ್ನಾಳಿ ತಾಲ್ಲೂಕಿನಲ್ಲಿ, ಸಾಸ್ವೆಹಳ್ಳಿಯಿಂದ ಒಳಕ್ಕೆ ಹೋದರೆ ಸಿಗುವ ಒಂದು ಸಣ್ಣ ಊರಿನ ಆರೋಗ್ಯ ಕೇಂದ್ರದಲ್ಲಿ ವೈದ್ಯರ ಜಾಗ ಖಾಲಿಯಿತ್ತು. ಅಲ್ಲಿಗೆ ವರ್ಗ ಕೇಳಿದರು. ಯಾರೂ ಹೋಗಲೊಪ್ಪದ ಜಾಗ, ಕೇಳಿದ ಕೂಡಲೇ ಕೊಟ್ಟರು.

ಆ ಕೆಲವು ದಿನ ಅವರ ಮನೆಯಲ್ಲಿ ಹಬ್ಬದ ಕಳೆ. ಹೆಂಡತಿ ಪಾತ್ರೆಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿಡುತ್ತ, ಇನ್ನು ಮೇಲೆ ಇವರಿಗೆ ಬಿಸಿ ಸಾರು ಬಡಿಸಬಹುದು ಎಂದರು. ಬಿಸಿ ಸಾರು ಎಂದು ಹೇಳುವಾಗ ಆ ಹೆಂಗಸಿನ ಕಣ್ಣು ತುಂಬಿತ್ತು, ನೋಡಿ, ಎಂಥ ಸಣ್ಣ ಆಸೆ! ದೊಡ್ಡ ಡಾಕ್ಟರಿಗೆ ಅಲ್ಲಿ ದಿನಕ್ಕೆ ಎಷ್ಟು ಜನ ಬರಬಹುದೆಂಬ ಅಂದಾಜೇ ಒಂದು ಸಂಭ್ರಮ. ಒಬ್ಬೊಬ್ಬರನ್ನೂ ಮಲಗಿಸಿ ನೋಡಬಹುದು, ಸಂಜೆ ಹೊಳೆಯ ದಂಡೆಯವರೆಗೆ ನಡೆದು ಬರಬಹುದು ಎನ್ನುತ್ತಿದ್ದರು. ನನಗೆ ಒಳಗೊಳಗೇ ಭಯವಿತ್ತು, ಅವರಿಲ್ಲದೆ ಹೇಗೆ ಎಂದು. ಆದರೆ ಅವರು ಮತ್ತೆ ಸೀಟಿ ಹಾಕುವುದನ್ನು ಕೇಳಿ ಹೋಗಲಿ ಎಂದುಕೊಂಡಿದ್ದೆ.

ಸುದ್ದಿ ಊರಿಗೆ ಬಿತ್ತು. ಯಾರ ಬಾಯಿಂದಲೋ ವರ್ಗ ಎನ್ನುವುದು ಎತ್ತಂಗಡಿ ಎಂದಾಯಿತು. ಬೆಳಗಾಗುವಷ್ಟರಲ್ಲಿ ಊರಿನ ಪ್ರತಿ ಫೋನಿಗೂ ಅವರ ಫೋಟೊ, ಕೆಳಗೆ ದೇವರಂಥ ವೈದ್ಯರಿಗೆ ಅನ್ಯಾಯ ಎಂಬ ಬರಹ. ಬಸ್ಸು ನಿಲ್ಲುವ ಕಡೆ ಶಾಮಿಯಾನ ಎದ್ದಿತು. ರಸ್ತೆಗೆ ಟೈರು ಇಟ್ಟು ಬೆಂಕಿ ಹಚ್ಚಿದರು. ಮುಂದಾಳು ಊರಿನ ಬಟ್ಟೆ ಅಂಗಡಿ ಸಾಹುಕಾರರು. ಅವರ ಮಗಳ ಹೆರಿಗೆ ಕಷ್ಟವಾದಾಗ ದೊಡ್ಡ ಡಾಕ್ಟರು ಪಕ್ಕದಲ್ಲೇ ನಿಂತಿದ್ದರು. ಆ ಋಣಕ್ಕೆ ಅಂಗಡಿ ಬಾಗಿಲು ಹಾಕಿ, ಉರಿ ಬಿಸಿಲಿನಲ್ಲಿ ಬೆವರು ಸುರಿಸುತ್ತ ಘೋಷಣೆ ಕೂಗುತ್ತಿದ್ದರು. ಕೆಟ್ಟ ಮನುಷ್ಯನಾಗಿದ್ದರೆ ನಾನು ಇಷ್ಟು ಸಂಕಟ ಪಡುತ್ತಿರಲಿಲ್ಲ.

ನಾನು ಅವರನ್ನು ಪಕ್ಕಕ್ಕೆ ಕರೆದು, ಯಾರೂ ಎತ್ತಂಗಡಿ ಮಾಡಿಲ್ಲ, ದೊಡ್ಡ ಡಾಕ್ಟರು ತಾವಾಗಿಯೇ ಕೇಳಿ ಪಡೆದ ವರ್ಗ ಇದು ಎಂದು ಬಿಡಿಸಿ ಹೇಳಿದೆ. ಸಾಹುಕಾರರು ನನ್ನನ್ನು ಮಗುವಿನಂತೆ ನೋಡಿದರು. ನೀವು ಇನ್ನೂ ಸಣ್ಣೋರು ಡಾಕ್ಟ್ರಮ್ಮ, ಇದೆಲ್ಲ ನಿಮಗೆ ತಿಳಿಯಲ್ಲ ಎಂದರು. ಪಕ್ಕದಲ್ಲಿದ್ದ ಇನ್ನೊಬ್ಬರು, ದೊಡ್ಡ ಡಾಕ್ಟ್ರು ಹೋದ್ರೆ ಕುರ್ಚಿ ಯಾರಿಗೆ ಸಿಗತೈತೆ ಅಂತ ನಮಗೆ ಗೊತ್ತಿಲ್ವೇ ಎಂದು ನನಗೆ ಕೇಳುವಷ್ಟು ಮೆಲ್ಲಗೆ ಹೇಳಿದರು. ನನ್ನ ಕಿವಿ ಬಿಸಿಯಾಯಿತು. ಆ ಕುರ್ಚಿಯ ಒಂದು ಕಾಲು ಅಲ್ಲಾಡುತ್ತಿತ್ತು, ಅದಕ್ಕೆ ರಟ್ಟು ಮಡಿಸಿ ಇಟ್ಟಿದ್ದೆವು.

ಕೊನೆಗೆ ದೊಡ್ಡ ಡಾಕ್ಟರೇ ಬಂದರು. ಜನ ದಾರಿ ಬಿಟ್ಟರು, ಮೈಕು ಕೈಗೆ ಕೊಟ್ಟರು. ನಾನು ಮತ್ತು ನಮ್ಮ ಹಿರಿಯ ಸಿಸ್ಟರು ಶಾಮಿಯಾನದ ಅಂಚಿನಲ್ಲಿ ನಿಂತಿದ್ದೆವು. ಸಿಸ್ಟರು ಚನ್ನಗಿರಿಯ ಕಡೆಯವರು, ಎಲ್ಲರೂ ಅವರನ್ನು ಆಪಾ, ಎಂದರೆ ಅಕ್ಕ, ಎನ್ನುತ್ತಿದ್ದೆವು. ದೊಡ್ಡ ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ.

"ನನ್ನ ಯಾರೂ ಕಳಿಸ್ತಿಲ್ಲ. ನಾನೇ ಕೇಳ್ಕಂಡಿದೀನಿ. ನನಗೆ ಹೋಗಬೇಕು. ಬಿಟ್ಟುಬಿಡ್ರಿ."

ಜನಕ್ಕೆ ಅರ್ಥವಾಯಿತು ಎಂದುಕೊಂಡೆ. ಆಮೇಲೆ ಚಪ್ಪಾಳೆ ಶುರುವಾಯಿತು. ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಸಾಹುಕಾರರು ಮೈಕು ತೆಗೆದುಕೊಂಡು, ನೋಡ್ರಿ ಇವರ ದೊಡ್ಡತನವಾ, ಮೇಲಿನೋರ ತಪ್ಪು ತಮ್ಮ ಮೇಲೆ ಹಾಕ್ಕಂತಾರೆ ಎಂದು ಗದ್ಗದರಾದರು. ಹೋಗಬೇಕು ಎಂದು ದೊಡ್ಡ ಡಾಕ್ಟರು ಇನ್ನೊಮ್ಮೆ ಹೇಳಿದ್ದು ಜೈಕಾರದಲ್ಲಿ ಮುಳುಗಿಹೋಯಿತು. ಒಬ್ಬ ವಯಸ್ಸಾದ ವಿದ್ಯಾವಂತ ಮನುಷ್ಯ, ನೂರಾರು ಜನರೆದುರು, ಮೈಕಿನಲ್ಲಿ, ಅಚ್ಚ ಕನ್ನಡದಲ್ಲಿ ತನಗೆ ಬೇಕಾದದ್ದನ್ನು ಹೇಳಿದರೆ ಒಬ್ಬರಿಗೂ ಕೇಳಿಸಲಿಲ್ಲ. ಆಪಾ ನನ್ನ ಕೈ ಹಿಡಿದು ಎಳೆದರು.

"ನಡೀರಿ ಡಾಕ್ಟ್ರಮ್ಮ. ಇವ್ರಿಗೆ ಬೇಕಾಗಿರಾದು ಆಸ್ಪತ್ರೆ ಅಲ್ಲ, ಗುಡಿನೋ ದರ್ಗಾನೋ."

ಸಂಜೆಯೊಳಗೆ ವರ್ಗ ರದ್ದಾದ ಸುದ್ದಿ ಬಂತು. ಮೇಲಿನವರಿಗೆ ಟೈರಿನ ಹೊಗೆ ಆರಿದರೆ ಸಾಕಿತ್ತು. ಊರಿನವರು ದೊಡ್ಡ ಡಾಕ್ಟರನ್ನು ತೆರೆದ ಜೀಪಿನಲ್ಲಿ ನಿಲ್ಲಿಸಿ ಮೆರವಣಿಗೆ ಮಾಡಿದರು. ಕೊರಳಲ್ಲಿ ಮುಖ ಮುಚ್ಚುವಷ್ಟು ಹಾರ. ಕ್ವಾರ್ಟರ್ಸಿನ ಬಾಗಿಲಲ್ಲಿ ಅವರ ಹೆಂಡತಿ ನಿಂತಿದ್ದರು. ಒಳಗೆ ಪೇಪರಿನಲ್ಲಿ ಸುತ್ತಿದ ಪಾತ್ರೆಗಳು ಹಾಗೇ ಇದ್ದವು. ಜೀಪು ಇಳಿದವರು ನನ್ನನ್ನು ಕಂಡು ಏನೋ ಹೇಳಲು ಬಾಯಿ ತೆರೆದರು... ಅಷ್ಟರಲ್ಲಿ ಯಾರೋ ಸೆಲ್ಫಿಗೆ ಹೆಗಲು ಹಿಡಿದು ತಿರುಗಿಸಿದರು.

ಅಲ್ಲಿಂದ ಮುಂದೆ ಅವರು ಜಗಳವಾಡುವುದು ಬಿಟ್ಟರು. ಸಿರಿಂಜು ಕೊಟ್ಟರೆ ಮುಟ್ಟುತ್ತಿದ್ದರು, ಪೊಟ್ಟಣ ಕೊಟ್ಟರೆ ಮುಟ್ಟುತ್ತಿದ್ದರು, ಕಣ್ಣು ಕಿಟಕಿಯ ಕಡೆಗಿರುತ್ತಿತ್ತು. ಇಲ್ಲಿ ಕೈ ಇಡಿ, ಇಲ್ಲಿ ಕೇಳಿ ಎಂದು ನನ್ನನ್ನು ಕೂಗುವುದು ನಿಂತುಹೋಯಿತು. ನಾನು ಗೋಡೆಯ ಈಚೆ ಕೂತು ಆ ಕೂಗಿಗೆ ಕಾಯುತ್ತಿದ್ದೆ. ಕಲಿಯುವ ಆಸೆಗಿಂತ ಹೆಚ್ಚಾಗಿ, ಅವರು ಇನ್ನೂ ಇದ್ದಾರೆ ಎಂದು ತಿಳಿಯಬೇಕಾಗಿತ್ತು. ಅಂಗೈ ಉಜ್ಜಿಕೊಳ್ಳುವುದನ್ನೂ ಬಿಟ್ಟಿದ್ದರು. ಅದನ್ನು ಜನ ಬೇಗ ಗುರುತಿಸಿದರು. ಡಾಕ್ಟ್ರ ಕೈ ತಣ್ಣಗಾಗೈತೆ, ಮೊದಲಿನ ಗುಣ ಇಲ್ಲ ಎಂದು ಬೆಂಚಿನ ಮೇಲೆ ಮಾತು ಶುರುವಾಯಿತು. ಯಾಕೆ ತಣ್ಣಗಾಯಿತು ಎಂದು ಮಾತ್ರ ಯಾರೂ ಕೇಳಲಿಲ್ಲ.

ಮುಂದಿನ ವರ್ಷ ಯುಗಾದಿಯ ಹೊತ್ತಿಗೆ ಅವರು ರಾಜೀನಾಮೆ ಕೊಟ್ಟರು. ವರ್ಗವಾದರೆ ತಡೆಯಬಹುದು, ರಾಜೀನಾಮೆಗೆ ಟೈರು ಸುಟ್ಟು ಉಪಯೋಗವಿಲ್ಲ. ಒಂದು ಭಾನುವಾರ ಮಧ್ಯಾಹ್ನ, ಊರು ಉಂಡು ಮಲಗಿದ್ದಾಗ, ಸಣ್ಣ ಲಾರಿಯಲ್ಲಿ ಸಾಮಾನು ಹೇರಿಕೊಂಡು ಹೊರಟರು. ಬೀಳ್ಕೊಡಲು ಇದ್ದದ್ದು ನಾನು, ಆಪಾ ಇಬ್ಬರೇ. ಮರುದಿನ ಊರಿಗೆ ಗೊತ್ತಾಯಿತು. ಮೊದಲು ಅತ್ತರು. ವಾರದೊಳಗೆ, ದೊಡ್ಡ ಊರಲ್ಲಿ ನರ್ಸಿಂಗ್ ಹೋಂ ತೆಗೆದಿದ್ದಾರಂತೆ, ದುಡ್ಡಿನ ರುಚಿ ಹತ್ತಿದ ಮೇಲೆ ನಾವು ಯಾಕೆ ಬೇಕು ಎಂದು ಆಡಿಕೊಂಡರು. ಹೀಗೆ ಹೇಳಿದವರಲ್ಲಿ ಸಾಹುಕಾರರೂ ಒಬ್ಬರು. ಅವತ್ತು ನಾನು ಅವರ ಅಂಗಡಿಗೇ ಹೋಗಿ, ಗಿರಾಕಿಗಳೆದುರಿಗೇ ಬಾಯಿಗೆ ಬಂದದ್ದನ್ನೆಲ್ಲ ಅಂದು ಬಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ನೀರು ಕುಡೀರಿ ಡಾಕ್ಟ್ರಮ್ಮ ಎಂದು ಲೋಟ ಮುಂದಿಟ್ಟರು. ಅಂಥ ಜನರ ಮೇಲೆ ಸಿಟ್ಟು ಮಾಡುವುದು ಎಷ್ಟು ಕಷ್ಟ!

ದೊಡ್ಡ ಡಾಕ್ಟರು ನರ್ಸಿಂಗ್ ಹೋಂ ತೆಗೆದಿರಲಿಲ್ಲ. ನಾನು ತವರಿಗೆ ಹೋದಾಗ ತಿಳಿಯಿತು, ಹೆಂಡತಿಯ ಕಡೆಯವರಿರುವ ಸವಳಂಗದಲ್ಲಿ ಒಂದು ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಹೋದ ಬೇಸಿಗೆಯಲ್ಲಿ ನ್ಯಾಮತಿಯಿಂದ ಬಸ್ಸು ಹತ್ತಿ ನೋಡಲು ಹೋದೆ. ಮೈ ತುಂಬಿಕೊಂಡಿದ್ದರು. ಮುಖದಲ್ಲಿ ಕಳೆಯಿತ್ತು. ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ, ನಿದ್ದೆ ಬರುತ್ತದೆ, ಮಧ್ಯಾಹ್ನ ಮನೆಗೆ ಹೋಗಿ ಉಣ್ಣುತ್ತೇನೆ ಎಂದರು. ಸಮತೋಲನ ಎಂದು ಭಾಷಣಕಾರರು ಹೇಳುತ್ತಾರಲ್ಲ, ಅದು ಆ ಅಂಗಡಿಯಲ್ಲಿ ಬೇಕಾದಷ್ಟಿತ್ತು. ಖುಷಿಪಡಬೇಕಾದವಳು ನಾನು, ಯಂತ್ರದ ಮೇಲಿನ ಧೂಳನ್ನು ಬೆರಳಿನಿಂದ ಒರೆಸುತ್ತ ಕೂತೆ.

ಅಷ್ಟರಲ್ಲಿ ಒಬ್ಬ ತಾಯಿ ಆಧಾರ್ ಕಾರ್ಡಿನ ಪ್ರತಿ ತೆಗೆಸಲು ಬಂದಳು. ಕಂಕುಳಲ್ಲಿ ಮಗು, ಕೆಮ್ಮುತ್ತಿತ್ತು. ಪ್ರತಿ ಉಸಿರಿಗೂ ಎದೆಯಲ್ಲಿ ಸಣ್ಣ ಸಿಳ್ಳು. ದೊಡ್ಡ ಡಾಕ್ಟರ ಕಣ್ಣು ನೇರವಾಗಿ ಮಗುವಿನ ಪಕ್ಕೆಲುಬಿನ ಮೇಲೆ ಹೋಯಿತು, ಅಲ್ಲೇ ನಿಂತಿತು. ನಾನು ಆ ಕಣ್ಣನ್ನು ಗುರುತು ಹಿಡಿದೆ, ಹಿಂದೆ ಅಜ್ಜಿಯ ಬೆನ್ನು ತಟ್ಟುವಾಗಿನ ಕಣ್ಣು. ಮರುಕ್ಷಣ ಅವರು ಬೆನ್ನು ತಿರುಗಿಸಿ ಯಂತ್ರದ ಮುಚ್ಚಳ ಎತ್ತಿದರು. ಪ್ರತಿ ಕೊಟ್ಟರು. ಮಗೂನ ಆಸ್ಪತ್ರೆಗೆ ತೋರಿಸಮ್ಮ ಎಂದರು. ನಾನೇ ಎದ್ದು ಹೊರಗೆ ಕಟ್ಟೆಯ ಮೇಲೆ ಕೂರಿಸಿ ಮಗುವನ್ನು ನೋಡಿದೆ, ಔಷಧ ಬರೆದುಕೊಟ್ಟೆ. ಒಳಗೆ ಬಂದಾಗ ಅವರು ಕಾಗದದ ಕಟ್ಟನ್ನು ಸುಮ್ಮನೆ ಕುಟ್ಟಿ ಕುಟ್ಟಿ ಸಮ ಮಾಡುತ್ತಿದ್ದರು. ನೋಡಬೇಕು ಅನ್ನಿಸುವುದಿಲ್ಲವೇ ಸರ್ ಎಂದು ಕೇಳಿಯೇಬಿಟ್ಟೆ.

"ಅನ್ಸತೈತೆ. ದಿನಾ ಅನ್ಸತೈತೆ. ಒಂದು ಮಗು ನೋಡಿದ್ರೆ ಸಾಕು, ನಾಳೆ ಇಲ್ಲಿ ಸಾಲು ನಿಂತ್ಕಂತೈತೆ."

ಮರಳುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಅವರ ಮೇಲೂ ಸಿಟ್ಟು ಬಂದಿತ್ತು. ಆಮೇಲೆ ಅದು ಅವರಿಗೆ ಸಲ್ಲಬೇಕಾದ ಸಿಟ್ಟಲ್ಲ ಎನ್ನಿಸಿತು. ಅವರು ಗುಣವಾಗಿದ್ದಾರೆ, ನಿಜ. ವೈದ್ಯರಾಗಿರುವುದನ್ನು ಬಿಟ್ಟು ಗುಣವಾಗಿದ್ದಾರೆ. ತಮಗೆ ಅಷ್ಟು ಇಷ್ಟವಾದದ್ದನ್ನು ಕೊಟ್ಟು ಬಿಸಿ ಸಾರು ಕೊಂಡಿದ್ದಾರೆ. ಎರಡನ್ನೂ ಒಬ್ಬ ಮನುಷ್ಯನಿಗೆ ಕೊಡುವುದು ನಮ್ಮಿಂದ ಆಗಲಿಲ್ಲ. ಶಾಲು ಹೊದಿಸುವವರು, ಉಸಿರಾಟ ಕಲಿಸುವವರು, ಹಾರ ಹಾಕುವವರು ಎಲ್ಲರೂ ಸೇರಿ ಒಬ್ಬ ಒಳ್ಳೆಯ ವೈದ್ಯರನ್ನು ಕಳೆದುಕೊಂಡೆವು, ಕಳೆದುಕೊಂಡೆವೆಂದು ಇವತ್ತಿಗೂ ಒಬ್ಬರೂ ಒಪ್ಪುವುದಿಲ್ಲ.

ನಿನ್ನೆ ಒಂದು ಮದುವೆಗೆಂದು ಹೊನ್ನಾಳಿಗೆ ಹೋಗಿದ್ದೆ. ಊಟವಾದ ಮೇಲೆ ಏನನ್ನಿಸಿತೋ, ಆಟೊ ಹಿಡಿದು ಸಾಸ್ವೆಹಳ್ಳಿಯ ಕಡೆ, ಅವರು ಕೇಳಿ ಪಡೆದಿದ್ದ ಆ ಸಣ್ಣ ಊರಿಗೆ ಹೋದೆ. ಆರೋಗ್ಯ ಕೇಂದ್ರ ಪುಟ್ಟದಾಗಿ ಚೊಕ್ಕಟವಾಗಿದೆ. ಮುಂದೆ ಒಂದು ಹೊಂಗೆ ಮರ, ಆಚೆ ಗದ್ದೆ, ಅದರಾಚೆ ಹೊಳೆ. ಜಗುಲಿಯ ಮೇಲೆ ಒಬ್ಬ ಮುದುಕ ಕೂತಿದ್ದ. ಒಳಗೆ ನರ್ಸಮ್ಮ ಒಬ್ಬರೇ ಇದ್ದರು. ವೈದ್ಯರು ಬರುವುದಿಲ್ಲವೇ ಎಂದು ಮುದುಕನನ್ನು ಕೇಳಿದೆ. ವಾರಕ್ಕೊಮ್ಮೆ ಬೇರೆ ಕಡೆಯಿಂದ ಬಂದು ಹೋಗುತ್ತಾರೆ, ಖಾಯಂ ಎಂದು ಯಾರೂ ಇಲ್ಲ ಎಂದ. ಹಿಂದೊಮ್ಮೆ ಯಾರೋ ಒಳ್ಳೆಯವರು ಬರುತ್ತಾರೆಂದು ಹೇಳಿದ್ದರಂತೆ. ಇವರೆಲ್ಲ ಸೇರಿ ಕ್ವಾರ್ಟರ್ಸಿಗೆ ಸುಣ್ಣ ಹೊಡೆಸಿದ್ದರಂತೆ. ಬರಲೇ ಇಲ್ಲ, ಯಾಕೆಂದು ಯಾರೂ ಹೇಳಲಿಲ್ಲ ಎಂದ.

ಇಷ್ಟು ವರ್ಷಗಳ ಸಿಟ್ಟಿನಲ್ಲಿ ಅವನಿಗೆ ಎಲ್ಲವನ್ನೂ ಹೇಳಿದೆ. ಅವರು ಎಂಥ ವೈದ್ಯರು, ಒಬ್ಬೊಬ್ಬರ ಬಳಿ ಎಷ್ಟು ಹೊತ್ತು ಕೂರುತ್ತಿದ್ದರು, ಇಲ್ಲಿಗೆ ಬರಲು ಎಷ್ಟು ಆಸೆಪಟ್ಟಿದ್ದರು, ಆ ಊರಿನವರು ರಸ್ತೆಗೆ ಅಡ್ಡ ಕೂತು ಹೇಗೆ ಬಿಡದೆ ಹೋದರು, ಎಲ್ಲ. ಮುದುಕ ಕೋಲಿನ ಮೇಲೆ ಗದ್ದ ಊರಿ ಬಹಳ ಗಮನವಿಟ್ಟು ಕೇಳಿದ. ನಡುನಡುವೆ ಅಯ್ಯೋ ಎಂದ. ಕೊನೆಗೆ ನಿಟ್ಟುಸಿರು ಬಿಟ್ಟು, ನನಗೆ ಸಮಾಧಾನವಾಗಲೆಂದೇ ಹೇಳಿದ:

"ಅಷ್ಟು ಒಳ್ಳೇ ಡಾಕ್ಟ್ರು ಅಂದ್ರೆ ಯಾರು ಬಿಡ್ತಾರೆ ಹೇಳಮ್ಮ. ನಮ್ಮ ಊರಿಗೆ ಬಂದಿದ್ರೆ ನಾವೂ ಬಿಡ್ತಿರ್ಲಿಲ್ಲ."